ಬುರುಗು

ಬಿಯೆಲ್ಲಾದ ಅಂಚಿನಲ್ಲಿ, ಮುಚ್ಚಿದ ಉಣ್ಣೆ ಗಿರಣಿಯ ಶೆಡ್ಡು.
ಅರವತ್ತೇಳರ ಲಾನ್ಚಿಯಾದ ಅಳತೆಕಡ್ಡಿ ಎಳೆದರೆ
ತುದಿಯಲ್ಲಿ ಎಣ್ಣೆಯಲ್ಲ,
ಕಾಫಿ ಮೇಲಿನ ಬುರುಗು.

ನೀರು ಬೆರೆತಿದೆಯೇ? ರೇಡಿಯೇಟರು ತುಂಬಿಯೇ ಇದೆ.
ಗಾಜಿನ ಲೋಟಕ್ಕೆ ಬಸಿದಿಟ್ಟದ್ದು
ಬೆಳಗಾಗುವಷ್ಟರಲ್ಲಿ ತಿಳಿ, ಜೇನಿನ ಬಣ್ಣ.
ಗಾಳಿ, ಹಾಗಾದರೆ.

ತೊಟ್ಟಿಯನ್ನು ನಾನೇ ಬೆಸೆದದ್ದು, ಎರಡು ಬೆರಳು ಹೆಚ್ಚು ಆಳ;
ಹೊಸ ಕೂಲರು, ಉಕ್ಕಿನ ಹೆಣಿಗೆಯ ಕೊಳವೆ,
ಮೂರು ತಿಂಗಳ ಸಂಬಳ.
ಆಳ ಇದೆಯಲ್ಲ ಎಂದು ಗೀಟು ದಾಟಿಸಿ ಸುರಿದಿದ್ದೆ.
ಕ್ರ್ಯಾಂಕು ಕಡೆಗೋಲಾಗಿ ಕಡೆಯುತ್ತಿರಬೇಕು, ಸರಿ,
ಒಂದು ಲೀಟರು ಇಳಿಸಿದೆ.
ತಿರುವು ಬಂದಾಗಲೆಲ್ಲ ಸೂಜಿ ಮತ್ತೆ ನಡುಗಿತು.

ಗಿರಣಿಯಲ್ಲಿ ನಲವತ್ತು ವರ್ಷ ಉಣ್ಣೆಯ ಧೂಳು ಕುಡಿದ ಎವಾಸಿಯೋ
ಸೂಜಿಯತ್ತ ನೋಡಲೇ ಇಲ್ಲ.
ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಕೊಟ್ಟ.
"ನೆಲಕ್ಕೆ ಎಣ್ಣೆ ಬಿದ್ದಿದೆಯಾ, ಫಿಯೊರೆಂಜಾ?"
"ಒಂದು ಹನಿಯೂ ಇಲ್ಲ!"
"ಅದೇ ಮತ್ತೆ.
ಪಂಪು ಹೀರುವ ಕಡೆ ಬಿರುಕಿದ್ದರೆ ಸೋರುವುದಿಲ್ಲ ಮಗೂ,
ಉಸಿರೆಳೆಯುತ್ತದೆ."

ತೊಟ್ಟಿ ಕಳಚಿ, ಅಂಗಾತ ಮಲಗಿ, ಟಾರ್ಚು ಕಚ್ಚಿ ನೋಡಿದೆ:
ನಾನು ಉದ್ದ ಮಾಡಿದ ಹೀರುಕೊಳವೆಯ ಬುಡದಲ್ಲಿ
ನಾನೇ ಉಳಿತಾಯಕ್ಕೆಂದು ಮರಳಿ ಹಾಕಿದ ರಬ್ಬರು ಉಂಗುರ,
ಒಂದು ಕಡೆ ಚಪ್ಪಟೆ.
ಉಗುರು ತೂರದ ಸಂದು.
ಹೊಸ ಉಂಗುರಕ್ಕೆ ಎರಡು ಯೂರೋ. ಅಂಗಡಿಯವನು
ಚಿಲ್ಲರೆ ಇಲ್ಲ, ಆಮೇಲೆ ಕೊಡಿ ಎಂದ.

ಸಂಜೆ ಬೆಟ್ಟದ ದಾರಿಯ ಹನ್ನೊಂದೂ ತಿರುವಿನಲ್ಲಿ
ಸೂಜಿ ಅಲುಗಲಿಲ್ಲ.
ಎವಾಸಿಯೋ ಇಳಿದ, ಸಿಗರೇಟು ಹಚ್ಚಿದ, ಕೆಮ್ಮಿದ.
ಉಸಿರಿನ ಕೊನೆಗೆ ಎದೆಯೊಳಗೆಲ್ಲೋ
ಸಣ್ಣಗೆ ಗುಳುಗುಳು.

ನಾನು ಕಡ್ಡಿ ಎಳೆದು ಒರೆಸಿದೆ,
ಒರೆಸಿದ್ದನ್ನೇ ಒರೆಸಿದೆ.