ಏಳು ಬಗೆ

ನಾಮ್ಸೋಸ್ ಊರಿನಲ್ಲಿ ಡಿಸೆಂಬರಿನ ಹಗಲು
ಕಣ್ಣುಜ್ಜಿ ಎದ್ದು, ಆಕಳಿಸಿ, ಮತ್ತೆ ಮಲಗುತ್ತದೆ.
ಎರಡೂವರೆಗೆಲ್ಲ ಕತ್ತಲು.
ಗುನ್‌ವೋರಳ ಫ್ರಿಜ್ಜಿನ ಬಾಗಿಲಲ್ಲಿ
ಮೀನಿನಾಕಾರದ ಅಯಸ್ಕಾಂತ ಕಚ್ಚಿ ಹಿಡಿದ ಪಟ್ಟಿ:
ಪರದೆ ಒಗೆಯಬೇಕು. ಕುರಿಯ ಪಕ್ಕೆಲುಬು ನೆನೆಹಾಕಬೇಕು.
ಅಕ್ಕನ ಮಕ್ಕಳಿಗೆ ಕಾಲುಚೀಲ, ಅಳತೆ ಕೇಳಬೇಕು.
ಮತ್ತು ಬಿಸ್ಕತ್ತು, ಏಳು ಬಗೆ.

ಆರಲ್ಲ, ಎಂಟಲ್ಲ. ಏಳು.
ಯಾರು ಹೇಳಿದರೋ, ಯಾವ ಕಾಲಕ್ಕೆ ಹೇಳಿದರೋ,
ಇಲ್ಲಿನ ಹೆಂಗಸರ ಬೆನ್ನುಮೂಳೆಯಲ್ಲಿ ಬರೆದಿಟ್ಟ ಸಂಖ್ಯೆ.
ಹಬ್ಬದ ದಿನ ಬಂದವರು ತಟ್ಟೆ ನೋಡಿ
ಬಾಯಲ್ಲಿ ಹೊಗಳುತ್ತಾರೆ, ಕಣ್ಣಲ್ಲಿ ಎಣಿಸುತ್ತಾರೆ.

ಅಕ್ಕ ಉನ್ನಿ ಫೋನಿನಲ್ಲಿ: "ಎಷ್ಟಾಯ್ತು?"
"ಮೂರು."
ಆ ಕಡೆ ಒಂದು ಮೌನ, ತಕ್ಕಡಿಯಲ್ಲಿಟ್ಟು ತೂಗಬಹುದಾದಷ್ಟು.
"ಇನ್ನೂ ಹತ್ತು ದಿನ ಇದೆಯಲ್ಲ," ಎಂದಳು ಉನ್ನಿ,
ಗಾಯಕ್ಕೆ ಸಕ್ಕರೆ ಪುಡಿ ಉದುರಿಸುವ ದನಿಯಲ್ಲಿ.

ನಾಲ್ಕನೆಯದು ಶುಕ್ರವಾರ ರಾತ್ರಿ ಹತ್ತಕ್ಕೆ.
ಡಿಪೋದಲ್ಲಿ ಇಡೀ ದಿನ ಬಸ್ಸುಗಳ ಡೀಸೆಲ್ ಲೆಕ್ಕ ಬರೆದು ಬಂದು
ಬೆಣ್ಣೆ ನಾದಿ, ಲಟ್ಟಿಸಿ, ಒಲೆಯೊಳಗಿಟ್ಟು
ಕುರ್ಚಿಯಲ್ಲಿ ಒಂದು ಕ್ಷಣ, ಒಂದೇ ಒಂದು ಕ್ಷಣ
ಕಣ್ಣು ಮುಚ್ಚಿದ್ದಳು.

ಎಚ್ಚರಿಸಿದ್ದು, ಹೊಗೆ ಕಂಡರೆ ಕೂಗುವ ಬಿಳಿ ಡಬ್ಬಿ.
ಕಿರುಚಿದ್ದೇ ಕಿರುಚಿದ್ದು.
ಗುನ್‌ವೋರ್ ನೆಲಕ್ಕೆ ಕುಸಿದು ಕೂತಳು,
ಹಿಟ್ಟಿನ ಕೈಗಳನ್ನು ಮೊಣಕಾಲಿಗೆ ಸುತ್ತಿ.
ಅಳುವುದು ಪಟ್ಟಿಯಲ್ಲಿ ಇರಲಿಲ್ಲ,
ಅಳಲಿಲ್ಲ.

ಬಾಗಿಲು ಬಡಿದವನು ಮೇಲಿನ ಮನೆಯ ತೆಕ್ಲೆ,
ಅಸ್ಮಾರಾದಲ್ಲಿ ಹುಟ್ಟಿ ಈ ಊರಲ್ಲಿ ತಲೆ ನರೆತವನು.
ಐದು ವರ್ಷದಲ್ಲಿ ಇಬ್ಬರೂ ಆಡಿಕೊಂಡದ್ದು
"ಚಳಿ" ಮತ್ತು "ಜಾರುತ್ತದೆ, ಜೋಪಾನ", ಅಷ್ಟೇ.
ಸ್ಟೂಲು ಹತ್ತಿ, ಟವೆಲು ಬೀಸಿ, ಡಬ್ಬಿಯ ಬಾಯಿ ಮುಚ್ಚಿಸಿದ.
ಮೈಮೇಲೆ ಮಿನುಗುವ ಹಳದಿ ಅಂಗಿ,
ಬೆನ್ನಲ್ಲಿ ಬರೆದಿತ್ತು: ರಾತ್ರಿಕಾಗೆಗಳು.
"ಇವತ್ತು ಒಬ್ಬರು ಕಡಿಮೆ. ಮೂವರಿಲ್ಲದೆ ಹೊರಡುವಂತಿಲ್ಲ."
ಸೀದ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.
"ಏಳು," ಎಂದ.

ಇಷ್ಟು ದಿನ ಎಣಿಸಿಯೇ ಸವೆಸಿದ್ದ ಮಾತು.
ಈಗ ಯಾರೋ ಅದನ್ನು ಕೈ ಚಾಚಿ ಹೇಳಿದ್ದರು.
ಎದ್ದಳು.

ಗರಗಸದ ಮಿಲ್ಲಿನಿಂದ ನಿವೃತ್ತನಾದ ಓದ್‌ವರ್
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಯಮ ಹೇಳಿಕೊಟ್ಟ:
ಬುದ್ಧಿ ಹೇಳಬಾರದು. ಬೆನ್ನು ಹತ್ತಬಾರದು.
ದೀಪದ ಕೆಳಗೇ ನಡೆಯಬೇಕು, ಕಾಣುವ ಹಾಗೆ.
ಇಷ್ಟೇನಾ?
ಇಷ್ಟೇ.
ಯಾರ ಮುಂದೂ ತಟ್ಟೆ ಇಡಬೇಕಿಲ್ಲದ ಕೆಲಸ,
ಅವಳಿಗೆ ನೆನಪಿರುವಂತೆ ಇದೇ ಮೊದಲು.

ಬಂದರಿನ ಹತ್ತಿರ ಹಿಮ, ಜರಡಿ ಹಿಡಿದ ಹಿಟ್ಟಿನ ಹಾಗೆ
ಎಂದುಕೊಂಡವಳು, ಬೇಡ,
ಹಿಮ ಹಿಮದ ಹಾಗೇ ಇರಲಿ ಎಂದುಕೊಂಡಳು.

ಬಸ್ ನಿಲ್ದಾಣದ ಗಾಜಿನ ಗೂಡಲ್ಲಿ ಟೋಪಿಯಿಲ್ಲದ ಹುಡುಗ.
ಕೊನೆಯ ಬಸ್ಸು ಹೋಗಿ ಗಂಟೆಯಾಗಿತ್ತು.
(ಅದು ಕುಡಿದ ಡೀಸೆಲ್ಲೂ ಅವಳಿಗೆ ಗೊತ್ತು.)
"ಮನೆಯಲ್ಲಿ ಹಬ್ಬದ ಮಾತುಕತೆ," ಎಂದ.
"ಇಪ್ಪತ್ತನಾಲ್ಕು ಅಪ್ಪನಿಗೆ, ಇಪ್ಪತ್ತೈದು ಅಮ್ಮನಿಗೆ.
ನನ್ನನ್ನು ಹಂಚಿ ಮುಗಿಯಲಿ, ಹೋಗ್ತೀನಿ."

ಯಾರೂ ಬುದ್ಧಿ ಹೇಳಲಿಲ್ಲ.
ಜೇಬಿಗೆ ಕೈ ಹಾಕಿದರೆ, ಯಾವಾಗ ತುಂಬಿಕೊಂಡಳೋ,
ಸೀದ ಬಿಸ್ಕತ್ತು.
ಹುಡುಗ ಕಚ್ಚಿದ. "ಕರಿಕಾಗಿದೆ."
"ಹೌದು."
ಇನ್ನೊಂದಕ್ಕೆ ಕೈ ಚಾಚಿದ.

ತೆಕ್ಲೆ ತನ್ನ ಪಾಲನ್ನು ಕಾಫಿಯಲ್ಲಿ ಅದ್ದುತ್ತ ಹೇಳಿದ:
ಅಮ್ಮ ಕಾಫಿಬೀಜ ಹುರಿದರೆ, ಹಬೆಯಾಡುವ ಬಾಣಲಿಯನ್ನು
ಕೂತವರೆಲ್ಲರ ಮೂಗಿನ ಹತ್ತಿರ ತರುತ್ತಿದ್ದಳು.
ಹೊಗೆ ಬೀದಿಗೆ ಹೋಗಿ ಕರೆಯುತ್ತಿತ್ತು, ನೆರೆಯವರು ಬರುತ್ತಿದ್ದರು.
ಅದಕ್ಕೇ ಬಂದೆ.

ಹುಡುಗನ ಮನೆಯ ತಿರುವಿನವರೆಗೆ ನಾಲ್ವರೂ ನಡೆದರು.
ಒಳಗೆ ದೀಪವಿತ್ತು. ಮಾತು ನಿಂತಿತ್ತೋ ಇಲ್ಲವೋ,
ಹೊರಗಿನವರಿಗೆ ತಿಳಿಯಲಿಲ್ಲ.

ಮರುದಿನ ಉನ್ನಿ: "ಎಷ್ಟಾಯ್ತು?"
"ಮೂರೇ. ನಾಲ್ಕನೆಯದನ್ನು ಊರು ತಿಂದಿತು."
ಆ ಕಡೆ ಮೌನ.
ಗುನ್‌ವೋರ್ ಈ ಸಲ ಅದನ್ನು ತೂಗಲಿಲ್ಲ.

ಹಾಗಂತ ಎದೆಯ ಮೇಲಿನ ಕಲ್ಲು ಇಳಿದು ಹೋಗಿಲ್ಲ.
ನಡುರಾತ್ರಿ ಎಚ್ಚರವಾದರೆ ಬೆರಳು ತಾನಾಗಿ ಮಡಿಯುತ್ತದೆ,
ಐದು, ಆರು...
ಪರದೆ ಒಗೆದಿಲ್ಲ.
ಮೀನಿನ ಬಾಯಲ್ಲಿ ಈಗ ಇನ್ನೊಂದು ಚೀಟಿ:
ಜನವರಿ, ಎರಡನೆಯ ಶುಕ್ರವಾರ, ಹತ್ತೂವರೆ.
ಕುರ್ಚಿಯ ಬೆನ್ನಿಗೆ ಹಳದಿ ಅಂಗಿ, ಜೇಬಲ್ಲಿ ಕರಿ ಪುಡಿ.
ಕಾಲುಚೀಲದ ಅಳತೆ ಕೇಳುವುದನ್ನು
ಇನ್ನೂ ಮರೆತೇ ಇದ್ದಾಳೆ.