ಎಂಟು ದಿನದ ಗೆರಿ

ಇಪ್ಪತ್ತೆರಡು ವರ್ಷ ಆತು ಮೊಣಕಾಲೂರಿ
ಮಂದಿ ಮನಿ ನೆಲ ನೋಡಕೋತ.
ಪೊರ್ವರಿಯಾಗ ಇಟಾಲಿಯನ್ ಮಾರ್ಬಲ್ಲು,
ಕಾಂಡೋಲಿಮ್ಮಿನಾಗ ಕಟಗಿ ಅಲ್ಲದ ಕಟಗಿ,
ಅಸಗಾಂವದ ಒಂದು ಬಾತ್ರೂಮಿಗೆ ಮೀನಿನ ಹುರುಪಿಯಂಥಾ
ಹಸಿರು ಬಿಲ್ಲಿ, ಒಂದೊಂದು ಹೆಬ್ಬೆರಳಿನ ಉಗುರಿನಷ್ಟು.
ಹದಿನೇಳು ದಿನ ಹಿಡೀತು.
ಯಾರ ನೆಲ ಎತ್ತ ಇಳದೈತಿ, ಚೆಲ್ಲಿದ ನೀರು ಎಲ್ಲಿ ನಿಂದರತೈತಿ,
ಕಣ್ಣು ಮುಚ್ಚಿ ಹೇಳ್ತೀನಿ.

ಈಗ ಚಿಂಬಲ್ಲಿನ ನಮ್ಮವ ಎರಡು ಖೋಲಿ.
ಚೀಟಿ ಎತ್ತಿದ ರೊಕ್ಕ ಅಕ್ಕಿ ಡಬ್ಬಿಯಾಗ ಐತಿ.
“ಎಂಥಾದ್ದು ಹಾಕೋಣು?” ಅಂದೆ ಫಕೀರವ್ವಗ.
“ಇಷ್ಟು ಮನಿ ಮಾಡೀರಿ, ನಿಮಗ ಗೊತ್ತಿರಬೇಕಲ್ಲ.”
ನನಗ ಗೊತ್ತಿರಲಿಲ್ಲ.

ಅಸಗಾಂವದ ಕೆಲಸ ಮಾಡಿಸಿದ ದಿಲ್ಲಿ ಮೇಡಮ್ಮು
ಮಾಲಕರನ್ನ ಕುಂದ್ರಿಸಿಕೊಂಡು, ಚಿತ್ರ ಹರವಿ ಕೇಳತಿದ್ಲು:
ನಿಮ್ಮ ಸ್ಟೈಲ್ ಯಾವುದು?
ಅವರು ಒಂದಕ್ಕ ಹೌದು ಅಂತಿದ್ರು, ಮರುದಿನ ಅಲ್ಲ ಅಂತಿದ್ರು.
ನಾ ಹಾಕಿದ್ದು ಕಿತ್ತು ಮತ್ತ ಹಾಕತಿದ್ದೆ.
ಎರಡೂ ಸಲದ ಕೂಲಿ ಸಿಕ್ತು, ಸುಳ್ಳ ಯಾಕ ಹೇಳ್ಲಿ.

ಮೊದಲು ಉಳಕಿ ತುಂಡು ತಂದೆ, ಒಂದು ಚೀಲ.
ನಾಕು ಹಸಿರು, ಎರಡು ಕರೇವು,
ಪೋರ್ಚುಗೀಸರ ಕಾಲದ ಮನಿ ಕಿತ್ತಾಗ ಸಿಕ್ಕ ಒಂದು ಹೂವಿಂದು.
ಜೋಡಿಸಿ ತೋರಿಸಿದೆ. ಚಂದ ಕಂಡಿತ್ತು ನನಗ.
ಅಕಿ ಸೊಂಟದ ಮ್ಯಾಲ ಕೈ ಇಟ್ಟು ನೋಡಿದ್ಲು:
“ಮಂದಿ ಎಂಜಲದ ಮ್ಯಾಲ ನಾ ರೊಟ್ಟಿ ಬಡೀಲೇನು?”
ಚೀಲ ಹೊರಗ ಹೋತು.
ಈಗ ಅದರ ಮ್ಯಾಲ ಬಾಜೂ ಮನಿ ಕೋಳಿ ಕುಂದರತಾವ.

ಆಮ್ಯಾಲ ಒಂದ ಶನಿವಾರ ರಾತ್ರಿ
ಮಗಳ ಡಬ್ಬಿಯಾಗಿನ ಚಾಕ್‌ಪೀಸು ತಗೊಂಡು
ಹಳೇ ಸಿಮೆಂಟಿನ ತುಂಬ ಗೆರಿ ಎಳದೆ,
ಎರಡಡಿಗೆ ಎರಡಡಿ, ದಾರ ಹಿಡದು.
“ಎಂಟ ದಿನ ನೀರು ಹಾಕಿ ಒರಸಬ್ಯಾಡ್ರಿ.
ಕಸಾ ಹೊಡಿಯೂದೂ ಮೆಲ್ಲಕ.”
ಪವಿತ್ರಾ ಮೊದಲನೇ ದಿನಾನ ಕುಂಟಬಿಲ್ಲಿ ಆಡಿದ್ಲು.

ಎಂಟನೇ ದಿನ ಬ್ಯಾಟರಿ ಹಚ್ಚಿ, ಬಗ್ಗಿ ನೋಡಿದೆ.
ಬಾಗಿಲಿಂದ ಒಲಿಮಟ ಒಂದೂ ಗೆರಿ ಇಲ್ಲ, ಬರೇ ಹಾದಿ.
ಅಡಗಿಕಟ್ಟಿ ಮುಂದ ಅಲ್ಲ, ಅದರ ಬಗಲಿಗೆ ನೆಲದ ಮ್ಯಾಲ
ಅಕಿ ಕುಂತು ರೊಟ್ಟಿ ಬಡಿಯೋ ಜಾಗಾ
ಪರಾತದಷ್ಟು ದುಂಡಗ ಅಳಸಿತ್ತು.
ಗ್ವಾಡಿ ಹಂತೇಕ ಇನ್ನೊಂದು, ಉದ್ದಕ:
ಪವಿತ್ರಾ ಬೋರಲ ಮಲಗಿ ಬರಿಯೋದು.
ಸೋಫಾ ಇಡೂಣು ಅಂತ ನಾ ಲೆಕ್ಕ ಹಾಕಿದ್ದ ಮೂಲಿ
ನಿನ್ನೆ ಎಳದಂಗ ಇತ್ತು.

ಎಲ್ಲಾರ ಅಡಗಿಕಟ್ಟಿ ಮೂವತ್ತಮೂರು ಇಂಚು,
ನಿದ್ದಿಗಣ್ಣಾಗೂ ಕಟ್ಟತೀನಿ.
ನಮ್ಮನ್ಯಾಗ ಎಷ್ಟು?
ಫಕೀರವ್ವ ಕುಂತಾಗ ಟೇಪು ಹಿಡದೆ, ನೆಲದಿಂದ ಮೊಳಕೈಮಟ.
“ಏನ್ರಿ, ಬ್ಲೌಸ್ ಹೊಲಸ್ತೀರೇನು?” ಅಂತ ನಕ್ಕಳು.
ಹತ್ತು ಇಂಚು.
ಇಷ್ಟು ತಿಳೀತು. ಬಣ್ಣ ಇನ್ನೂ ತಿಳಿದಿದ್ದಿಲ್ಲ.

ಒಂದ ದಿನದ ಕೂಲಿ ಬಿಟ್ಟು
ಮಾಪ್ಸಾದ ಅಂಗಡಿಗೆ ಕರಕೊಂಡು ಹೋದೆ.
ಹುಡುಗ ಮಿಂಚೂವು ತೋರಿಸಿದ, ಮಾರಿ ಕಾಣೂವಂಥಾವು.
ಅಕಿ ಸೆರಗಿನ ಗಂಟು ಬಿಚ್ಚಿದ್ಲು:
ಒಂದು ಮುಷ್ಟಿ ಜ್ವಾಳದ ಹಿಟ್ಟು.
ಒಂದೊಂದರ ಮ್ಯಾಲ ಚೂರು ಉದುರಿಸಿ,
ಅಂಗೈಲೆ ಒರಸಿ, ಅಂಗೈ ಮೂಸಿ,
ಕಣ್ಣು ಸಣ್ಣ ಮಾಡಿ ಮುಂದಿನದಕ್ಕ ನಡದ್ಲು.
ಹುಡುಗ ನನ್ನ ಮಾರಿ ನೋಡಿದ.
ಜನ್ಮಾ ಪೂರ್ತಿ ನೆಲದ ಕೆಲಸ ಮಾಡಿದಾಂವ ನಾನು,
ಅವನ ಬಾಜೂಕ ನಿಂತು ಕಾಯ್ದೆ.