ಬೇವಿನ ಗಿಡದ ತನಕ

ಶಹಾಬಾದಿನ ಫರಸಿ ಖಣಿ. ಬೆಳಿಗ್ಗೆ ಎಂಟಕ್ಕೇ
ಹಂಚಿನಂತೆ ಕಾದ ಕಲ್ಲು.
ಖಾಜಾಬಿಯ ಸೆರಗಿನೊಳಗೆ ಕಡಲೆಗಾತ್ರದ ಮೈಕು,
ದೇವಮ್ಮನ ಕುಪ್ಪಸದ ಗುಂಡಿಯ ಹಿಂದೆ ಇನ್ನೊಂದು.
ನಡುವಿಗೆ ಕಟ್ಟಿದ ಡಬ್ಬಿ ಮುಟ್ಟಿ ನೋಡಿ ದೇವಮ್ಮ:
"ಇದೇನ್ರಿ ಯಕ್ಕಾ, ತಾಯತಾ?"

ಡೈರೆಕ್ಟರು ಅಂದರು, ನೂರಕ್ಕಿಡು.
ನೂರು ಮಿಲಿವ್ಯಾಟು. ಬಯಲು ದೊಡ್ಡದು, ಒಂದು ಮಾತೂ ತಪ್ಪಬಾರದು.
ಇಟ್ಟೆ.

ಇಬ್ಬರೂ ತೊಡೆಗೆ ತೊಡೆ ತಾಗಿಸಿ ಒಂದೇ ಬಂಡೆಯ ಮುಂದೆ ಕೂತರು.
ಆಚೆ ದಂಡೆಯಲ್ಲಿ ಮೇಸ್ತ್ರಿ ಸಿದ್ರಾಮ ಲೆಕ್ಕ ಹೇಳುತ್ತಿದ್ದ;
ಅವನ ಮೈಕಿನೊಳಗೆ ಹುಟ್ಟಿತು
ಬಾಯಿಲ್ಲದ ಸಿಳ್ಳೆ,
ಮರಳಲ್ಲಿ ಕಡಲೆ ಹುರಿದಂಥ ಚರಚರ.
ಇವರಿಬ್ಬರ ಅಲೆ ಒಂದರ ಮೈಮೇಲೊಂದು ಬಿದ್ದು
ಹೆತ್ತ ಕೂಸು ಅದು,
ಹೋಗಿ ಮೂರನೆಯವನ ಮಡಿಲಲ್ಲಿ ಅಳುತ್ತಿತ್ತು.

ಆಂಟೆನಾ ತಿರುಗಿಸಿದೆ. ಕೇಬಲ್ ಬದಲಿಸಿದೆ.
ಖಾಜಾಬಿ ಹೊಸ ಹುಡುಗನ ಕೈಯಿಂದ ಸುತ್ತಿಗೆ ಕಸಿದಳು:
"ಜೋರ್ ಹೊಡದ್ರ ಚೂರಾಗ್ತದೋ.
ಮೆಲ್ಲಕ ಬಡಿ, ಕಿವಿ ಇಟ್ಟು ಕೇಳು.
ಪದರ ತಾನs ಬಿಡಿಸ್ಕೋತದ."
ಟಕ್. ಟಕ್. ಟಣ್.
ಎದ್ದು ಬಂತು ಹಾಳೆಯಂಥ ಕಲ್ಲು,
ನೀಲಿ ಮುಖ, ಮೊದಲ ಸಲ ಬಿಸಿಲು ಕಂಡದ್ದು.

ನಾನು ಹತ್ತಕ್ಕಿಳಿಸಿದೆ. ಡೈರೆಕ್ಟರಿಗೆ ಹೇಳಲಿಲ್ಲ.
ಸಿದ್ರಾಮನ ಲೆಕ್ಕ ತಿಳಿಯಾಯಿತು:
ನಲವತ್ತೆರಡು, ನಲವತ್ಮೂರು, ಒಂದು ಮೂಲೆ ಮುರಿದದ್ದು.

ಮಧ್ಯಾಹ್ನ ರೊಟ್ಟಿ ಗಂಟು ಹಿಡಿದು ಇಬ್ಬರೂ ಎದ್ದರು.
ಮೈಕು ಬಿಚ್ಚುವುದು ಅವರಿಗೂ ನೆನಪಿಲ್ಲ, ನನಗೂ.
ಕಿವಿಯಲ್ಲಿ ಬಳೆ, ಚಪ್ಪಲಿ, ಉಸಿರು.
"ನಿನ್ನಿ ರಾತ್ರಿ ಮತ್ತ ಬಂದಿದ್ದನೇನs?"
ಮೌನಕ್ಕೂ ಒಂದು ಸದ್ದಿರುತ್ತದೆ, ಬಟ್ಟೆಯದು.
"ಹೇಳ್ತೀನಿ, ಬಾ."
ರಿಸೀವರಿನ ಗೆರೆಗಳು ಐದು, ಮೂರು, ಒಂದು.
ಬೆನ್ನು ನಮ್ಮ ಕಡೆಗೆ. ಬೆವರಿದ ಮೈ ನೀರಿನ ಗೋಡೆ,
ಅರ್ಧ ಅಲೆ ಅದೇ ಕುಡಿಯುತ್ತದೆ.
ಬೇವಿನ ಗಿಡ ದಾಟಿದರು.
"ನಾ ಅವಗ..."
ಆಮೇಲೆ ಬರೀ ಉಸುಕು.

"ಏರಿಸು! ಫೋನಿನಿಂದಲೇ ಆಗುತ್ತಲ್ಲ?"
ಆಗುತ್ತದೆ. ಅಂಗೈ ಗಾಜಿನಲ್ಲಿ ಹತ್ತು ಅಂತ ಬರೆದಿತ್ತು,
ಹೆಬ್ಬೆರಳು ಒತ್ತಿದರೆ ನೂರು.
"ಸೆಲ್ ಸಾಯ್ತಾವ್ರಿ ಸರ್" ಅಂದೆ.
ಸೆಲ್ಲು ಅರ್ಧಕ್ಕಿಂತ ಹೆಚ್ಚೇ ತುಂಬಿದ್ದವು.
ಹೆಡ್‌ಫೋನು ಕೊರಳಿಗಿಳಿಸಿದೆ. ವಾಡಿ ಕಡೆ ಗೂಡ್ಸೊಂದು
ಎಣಿಸಲಾರದಷ್ಟು ಡಬ್ಬಿ ಎಳೆದುಕೊಂಡು ಹೋಯಿತು.

ಸಂಜೆ ಪಟ್ಟಿ ಬಿಚ್ಚಿದಾಗ ಅದರ ಮೇಲೆ
ಉಪ್ಪಿನ ಬಿಳಿ ಗೆರೆ, ಕಲ್ಲಿನ ಹುಡಿ.
ತಲೆಯೆತ್ತದೆ ಕೇಳಿದಳು ಖಾಜಾಬಿ,
"ಎಲ್ಲಾ ಕೇಳಿಸ್ತೇನ್ರಿ?"
"ಬೇವಿನ ಗಿಡದ ತನಕ."
ತಿರುಗಿ ನೋಡಿದಳು. ಕಲ್ಲಿನ ಉದ್ದ ಅಳೆಯುವ ಕಣ್ಣು,
ಗಿಡಕ್ಕೆ ಹೋಗಿ, ಅಲ್ಲಿಂದಾಚೆ ಸ್ವಲ್ಪ ಸರಿದು
ಮರಳಿ ಬಂತು.

"ನಾವು ಇನ್ನಾಕ್ ಹೆಜ್ಜಿ ಮುಂದ ಕೂತಿದ್ದಿವಿ" ಅಂದಳು.